ಕಂಪನಿಯ ಮನುಷ್ಯನಿಗೆ ಸಾಹಸದ ಪಾಠ
(ನಿಗಡಿಯ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ದಿನ ನಾಡು-ನುಡಿಗಳನ್ನು ಬಿಟ್ಟು ಕಾರಖಾನೆಯ ಮಾತನ್ನೆತ್ತುವುದು ಒಪ್ಪೀತೇ ಎಂದು ನಮಗೂ ಅಳುಕಿತ್ತು. ಆದರೆ ನಮ್ಮ ನಿಗಡಿಗೆ ಕನ್ನಡ ಬಂದುದೇ ಬಹುಮಟ್ಟಿಗೆ ಕಾರಖಾನೆಯ ಬಸ್ಸಿನಲ್ಲಿ. ಬೆಳಗಾವಿ, ಧಾರವಾಡ, ವಿಜಾಪುರ, ಕಲಬುರ್ಗಿಗಳ ಕಡೆಯಿಂದ ಹೊರಟು ಪಿಂಪರಿ, ಆಕುರ್ಡಿ, ಭೋಸರಿಗಳ ಗೇಟುಗಳಲ್ಲಿ ನಿಂತು, ಕಡೆಗೆ ಪ್ರಾಧಿಕರಣದಲ್ಲಿಯೋ ಯಮುನಾನಗರದಲ್ಲಿಯೋ ಮನೆ ಮಾಡಿಕೊಂಡವರು ಈ ಸಭೆಯಲ್ಲಿ ಎಷ್ಟು ಮಂದಿ ಇಲ್ಲ! ನೌಕರಿ ಕಾಯಮ್ಮಾದ ದಿನ ಊರ ದೇವರಿಗೆ ಕಾಯಿ ಒಡೆಸಿದವರು ನಾವು.

ಈಗ ಅಂಥವೇ ಕಂಪನಿಗಳು ತಮ್ಮ ಅಧಿಕಾರಿಗಳನ್ನು ಎರಡು-ಮೂರು ದಿನ ತರಗತಿಯಲ್ಲಿ ಕೂಡಿಸಿ, ‘ಹೊಸದನ್ನು ಹುಡುಕಿರಿ, ಒಡೆಯರಂತೆ ಯೋಚಿಸಿರಿ’ ಎಂದು ಪಾಠ ಹೇಳಿಸುತ್ತವೆ. ಇಂಥ ತರಗತಿಗಳಲ್ಲಿ ನಾವು ಮೊದಲು ವಿದ್ಯಾರ್ಥಿಗಳಾಗಿ ಕೂತೆವು. ನಿವೃತ್ತರಾದ ಮೇಲೆ ಕೆಲವು ವರ್ಷ ಪಾಠವನ್ನೂ ಹೇಳಿದೆವು.

ಈ ವಿದ್ಯೆ ಕಲಿಸಿದರೆ ಬರುವುದೇ ಎಂಬ ಪ್ರಶ್ನೆ ಹಳೆಯದು. ೧೯೬೪ರಲ್ಲಿ ಅಮೆರಿಕೆಯ ಮನಶ್ಶಾಸ್ತ್ರಜ್ಞ ಮೆಕ್‌ಲೆಲೆಂಡ್ ಎಂಬವರು ಹೈದರಾಬಾದಿನ ಸಣ್ಣ ಕೈಗಾರಿಕೆಗಳ ತರಬೇತಿ ಸಂಸ್ಥೆಯ ನೆರವಿನಿಂದ, ಆಂಧ್ರದ ಕಾಕಿನಾಡದ ವ್ಯಾಪಾರಸ್ಥರಿಗೆ ಹತ್ತು ದಿನಗಳ ಪಾಠ ಏರ್ಪಡಿಸಿದರು. ಕೆಲಕಾಲದ ನಂತರ ನೋಡಿದಾಗ, ಪಾಠಕ್ಕೆ ಬಾರದವರಿಗಿಂತ ಬಂದವರು ಹೆಚ್ಚು ದುಡಿದಿದ್ದರು, ಹೆಚ್ಚು ಬಂಡವಾಳ ಹೂಡಿದ್ದರು. ಮೆಕ್‌ಲೆಲೆಂಡರು ಹೇಳುತ್ತಿದ್ದ ಆಟವೊಂದಿದೆ: ಗೂಟಕ್ಕೆ ಬಳೆ ಎಸೆಯುವುದು. ಎಷ್ಟು ದೂರದಿಂದ ಎಸೆಯಬೇಕೆಂಬುದು ಆಡುವವನ ಇಷ್ಟ. ಸಾಧಿಸುವ ಹಂಬಲವುಳ್ಳವನು ತೀರ ಹತ್ತಿರವೂ ನಿಲ್ಲನು, ತೀರ ದೂರವೂ ನಿಲ್ಲನು. ಕೈಚಳಕಕ್ಕೆ ಸವಾಲಾಗುವಷ್ಟು ದೂರ ನಿಲ್ಲುವನು.

ನಮ್ಮ ತರಗತಿಯಲ್ಲಿಯೂ ಈ ಆಟವನ್ನು ಆಡಿಸಿದೆವು. ಹಿರಿಯ ಮ್ಯಾನೇಜರರು ಎಲ್ಲಿ ನಿಂತರೋ ಕಿರಿಯರೆಲ್ಲರೂ ಅಲ್ಲಿಂದಲೇ ಎಸೆದರು!

ನಕ್ಕೆವು, ನಿಜ. ಆದರೆ ಅದೇ ಮಧ್ಯಾಹ್ನ ಉತ್ಪಾದನಾ ವಿಭಾಗದ ಅಧಿಕಾರಿಯೊಬ್ಬರು ಎದ್ದು, ‘ನೀವು ಹೇಳಿದಂತೆ ಹೊಸದೊಂದನ್ನು ಮಾಡಿ ಅದು ಕೆಟ್ಟಿತೆನ್ನಿ, ಮಾರ್ಚಿಯಲ್ಲಿ ನನ್ನ ವರದಿಯಲ್ಲಿ ಏನೆಂದು ಬರೆಯುತ್ತಾರೆ?’ ಎಂದು ಕೇಳಿದರು. ನಮಗೆ ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಚಹಾ ಬಂತು, ಬದುಕಿಕೊಂಡೆವು.

ಆ ಪ್ರಶ್ನೆ ಮಾತ್ರ ನಮ್ಮನ್ನು ಬಿಡಲಿಲ್ಲ. ತಪ್ಪಿಲ್ಲದೆ ಕೆಲಸ ಮಾಡಿದ್ದಕ್ಕೇ ಬಡ್ತಿ ಪಡೆದು ಮೇಲೆ ಬಂದವನಿಗೆ, ಇಪ್ಪತ್ತು ವರ್ಷಗಳ ತರುವಾಯ ‘ಇನ್ನು ತಪ್ಪು ಮಾಡು’ ಎಂದರೆ ಅವನು ನಂಬುವುದು ಹೇಗೆ? ಪಾಠ ಬೇಕಾದುದು ಅವನಿಗಲ್ಲ, ವರದಿ ಬರೆಯುವವರಿಗೆ ಎಂದು ನಮಗೆ ಅನಿಸತೊಡಗಿತು. ಹೀಗೆಂದು ಒಮ್ಮೆ ಬಾಯಿಬಿಟ್ಟು ಹೇಳಿದೆವು. ಆ ಕಡೆಯಿಂದ ಮತ್ತೆ ಕರೆ ಬರಲಿಲ್ಲವೆಂಬುದು ಬೇರೆ ಮಾತು.

ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮುಂಬಯಿಯ ತಾಂತ್ರಿಕ ಸಂಸ್ಥೆಯೊಂದರಲ್ಲಿ ಅಧ್ಯಾಪಕರಾಗಿದ್ದರು. ತಮಗೆ ಸಲ್ಲಬೇಕಾದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬನ ಪಾಲಾದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದು, ಅಣ್ಣನ ಜೊತೆ ಸೈಕಲ್ ವ್ಯಾಪಾರಕ್ಕೆ ನಿಂತರು. ಮುಂದೆ ಕಬ್ಬಿಣದ ನೇಗಿಲು ಮಾಡಿದರೆ, ಕಬ್ಬಿಣ ತಗುಲಿದರೆ ಮಣ್ಣಿಗೆ ವಿಷವೇರುತ್ತದೆಂದು ರೈತರು ಮುಟ್ಟಲೊಲ್ಲರು. ಎರಡು ವರ್ಷ ನೇಗಿಲು ಮಾರಾಟವಾಗದೆ ಕೂತಿತು. ಆ ಎರಡು ವರ್ಷಗಳ ವರದಿಯನ್ನು ಯಾವ ಮೇಲಧಿಕಾರಿಯೂ ಬರೆಯಲಿಲ್ಲ! ೧೯೧೦ರಲ್ಲಿ ಔಂಧ ಸಂಸ್ಥಾನದ ಆಶ್ರಯದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ೧೯೪೬ರಲ್ಲಿ ನಮ್ಮ ಪುಣೆಯಲ್ಲಿಯೇ ಅವರ ಮಗ ಶಂತನುರಾಯರ ಆಯಿಲ್ ಎಂಜಿನುಗಳ ಕಂಪನಿ ಹುಟ್ಟಿತು.

ಸಾಹಸವೆಂದರೆ ಮನೆ-ಮಠ ಪಣಕ್ಕೊಡ್ಡುವುದೆಂದು ನಮ್ಮ ಹೆಂಗಸರು ಹೆದರುತ್ತಾರೆ. ಗಂಡಸರು ಹೆದರಿದರೂ ಹೇಳುವುದಿಲ್ಲ. ಅಮೆರಿಕೆಯಲ್ಲಿ ಪಾಠ ಹೇಳುವ ಸರಸ್ ಸರಸ್ವತಿ ಎಂಬ ಭಾರತೀಯ ವಿದುಷಿ, ನುರಿತ ಉದ್ಯಮಿಗಳು ಯೋಚಿಸುವ ಬಗೆಯನ್ನು ಪರೀಕ್ಷಿಸಿ ೨೦೦೧ರಲ್ಲಿ ಪ್ರಕಟಿಸಿದ ವಿಚಾರ ಬೇರೆಯೇ ಇದೆ. ಎಷ್ಟು ಲಾಭ ಬಂದೀತೆಂದು ಅವರು ಮೊದಲು ಲೆಕ್ಕ ಹಾಕುವುದಿಲ್ಲವಂತೆ. ಎಷ್ಟು ಕಳೆದುಕೊಂಡರೆ ತಾಳಿಕೊಂಡೇವು ಎಂದು ಲೆಕ್ಕ ಹಾಕಿ, ಕೈಯಲ್ಲಿದ್ದುದರಿಂದ ಆರಂಭಿಸುತ್ತಾರಂತೆ. ೧೯೮೧ರಲ್ಲಿ ಇದೇ ಪುಣೆಯಲ್ಲಿ ನಾರಾಯಣ ಮೂರ್ತಿಯವರೂ ಸಂಗಡಿಗರೂ ಇನ್ಫೋಸಿಸ್ ಕಟ್ಟಹೊರಟಾಗ, ಟೆಲ್ಕೋದಲ್ಲಿ ಎಂಜಿನಿಯರಾಗಿ ದುಡಿದಿದ್ದ ಶಿಗ್ಗಾವಿಯ ಮಗಳು ಸುಧಾ ಮೂರ್ತಿಯವರು ಉಳಿತಾಯದಿಂದ ತೆಗೆದುಕೊಟ್ಟದ್ದು ೧೦,೦೦೦ ರೂಪಾಯಿ. ಅಡಿಗೆಮನೆಯ ಡಬ್ಬಿಯಲ್ಲಿ ಆಪತ್ತಿಗೆಂದು ಹಣವಿಡುವ ನಮ್ಮ ತಾಯಂದಿರಿಗೆ ಈ ಲೆಕ್ಕ ಹೊಸದಲ್ಲ.

ಇಷ್ಟೆಲ್ಲ ಪಾಠ ಹೇಳಿದ ನಮ್ಮ ಮನೆಯಲ್ಲಿಯೇ ಮಗಳು ಕಳೆದ ವರ್ಷ, ‘ನೌಕರಿ ಬಿಟ್ಟು ಭೋಸರಿಯಲ್ಲಿ ಶೆಡ್ಡು ಹಿಡಿದು ಗೇಜು-ಫಿಕ್ಸ್ಚರ್ ಮಾಡುತ್ತೇನೆ’ ಎಂದಾಗ, ನಮ್ಮ ಬಾಯಿಂದ ಹೊರಟ ಮೊದಲ ಮಾತು, ‘ಕಾಯಂ ನೌಕರಿ, ಹುಚ್ಚಿ!’ ಎಂಬುದು. ಅವಳು ಎದುರಾಡಲಿಲ್ಲ. ನಮ್ಮದೇ ಪಾಠದ ಟಿಪ್ಪಣಿಯ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು. ನಾಲ್ಕು ದಿನ ಮನೆಯಲ್ಲಿ ಮಾತಿಲ್ಲ. ಐದನೆಯ ರಾತ್ರಿ ನಮ್ಮ ಮನೆಯವರು ಬೆಳಕಿನ ಬಿಲ್ಲೊಂದನ್ನು ಮಗುಚಿಹಾಕಿ, ‘ಹೋದರೂ ಹೋಯಿತು ಎನ್ನಬಹುದಾದದ್ದು ಎಷ್ಟು, ಬರೆಯಿರಿ’ ಎಂದರು. ನಾವೊಂದು ಅಂಕಿ ಬರೆದೆವು; ಅವರು ಅದನ್ನು ಹೊಡೆದು ಸ್ವಲ್ಪ ಹೆಚ್ಚಿಸಿ ಬರೆದರು. ಶೆಡ್ಡಿನ ಬಾಡಿಗೆ ಎಂಟು ತಿಂಗಳಿಂದ ಹೋಗುತ್ತಿದೆ. ಮೂರು ಸಣ್ಣ ಆರ್ಡರು ಬಂದಿವೆ, ಒಂದು ಮಾಲು ತಿರುಗಿ ಬಂದಿದೆ. ಬಿಲ್ಲಿನ ಹಿಂದೆ ಬರೆದ ಮೊತ್ತ ಇನ್ನೂ ಮುಗಿದಿಲ್ಲ.

ಊಟಕ್ಕೆ ಹೊತ್ತಾಯಿತು.