ನೆಲ ನಮ್ಮದು, ನೆಲಕ್ಕೆ ಟೈಲ್ಸ್ ಹಾಸುವ ಕೈ ಯಾರದು?

(ಕನ್ನಡ ಯುವಕರ ಶಿಬಿರವೊಂದರಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪಠ್ಯ)



ಅಚ್ಚಿನ ಕೆಲಸದವನಿಗೆ ಟೈಲ್ಸ್ ಕೆಲಸದ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಊರಿನಲ್ಲಿ ಯಾರು ಯಾವ ಕಸುಬಿಗೆ ಇಳಿದರು ಎಂಬುದು ಮೊದಲು ಗೊತ್ತಾಗುವುದೇ ಪ್ರೆಸ್ಸಿನವನಿಗೆ. ವಿಸಿಟಿಂಗ್ ಕಾರ್ಡು, ಬಿಲ್ ಪುಸ್ತಕ ಮಾಡಿಸಲು ಬರುತ್ತಾರಲ್ಲ! ನನ್ನಲ್ಲಿಗೆ ಟೈಲ್ಸ್, ಗ್ರಾನೈಟ್ ಕೆಲಸದ ಕಾರ್ಡು ಮಾಡಿಸಲು ಬರುವವರಲ್ಲಿ ರಾಜಸ್ಥಾನ, ಬಿಹಾರ, ಉತ್ತರ ಪ್ರದೇಶದವರೇ ಹೆಚ್ಚು. ನಮ್ಮ ಹುಡುಗರು ಬರುವುದು ಯಾವುದಕ್ಕೆ ಗೊತ್ತೆ? ಬಯೋಡೇಟಾ ಟೈಪ್ ಮಾಡಿಸಲಿಕ್ಕೆ. ಅದೇ ಹುಡುಗ ವರ್ಷಕ್ಕೆ ನಾಲ್ಕು ಸಲ ಬಂದು ಅದೇ ಬಯೋಡೇಟಾಕ್ಕೆ ಹೊಸ ತಾರೀಖು ಹಾಕಿಸಿಕೊಂಡು ಹೋಗುತ್ತಾನೆ.

ಹೊರಗಿನಿಂದ ಬಂದ ಆ ದುಡಿಮೆಗಾರರ ಮೇಲೆ ಕೂಗಾಡಲು ನಾನು ಇಲ್ಲಿ ನಿಂತಿಲ್ಲ. ಅವರು ಯಾರ ಕೆಲಸವನ್ನೂ ಕಿತ್ತುಕೊಂಡಿಲ್ಲ, ನಾವು ಬಿಟ್ಟ ಜಾಗದಲ್ಲಿ ಬಂದು ಕುಳಿತಿದ್ದಾರೆ. ಸರೋಜಿನಿ ಮಹಿಷಿ ವರದಿ 1986ರಲ್ಲಿ ಬಂತು. ಅದರ ಜಾರಿಗಾಗಿ ನಾವು ಹೋರಾಡಿದ್ದೇವೆ, ಮುಂದೆಯೂ ಹೋರಾಡುತ್ತೇವೆ. ಆದರೆ ಅದು ಕಛೇರಿಯ, ಕಾರ್ಖಾನೆಯ ಹುದ್ದೆಗಳ ಮಾತು. ಮನೆ ಕಟ್ಟಿಸುವವನು ಟೈಲ್ಸ್ ಹಾಕಲು ಅರ್ಜಿ ಕರೆಯುವುದಿಲ್ಲ, ಮೀಸಲಾತಿ ನೋಡುವುದಿಲ್ಲ. ಕೆಲಸ ಬರುವವನನ್ನು ಕರೆಯುತ್ತಾನೆ. ಅಲ್ಲಿ ನಮಗೆ ಯಾವ ವರದಿ ದಾರಿ ಮಾಡಿಕೊಟ್ಟೀತು?

ನೆಲದ ಕೆಲಸ ನಮಗೆ ಹೊಸದೇನಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲೇ ಹೆಂಚಿನ ಕಾರ್ಖಾನೆ ತೆಗೆದರು. ಮಂಗಳೂರು ಹೆಂಚಿನ ಹೆಸರು ಹಡಗು ಹತ್ತಿ ಹೊರದೇಶಕ್ಕೂ ಹೋಯಿತು. ಕಲಬುರಗಿ ಸೀಮೆಯ ಶಹಾಬಾದಿ ಕಲ್ಲು ಎಷ್ಟು ಶಾಲೆ, ಎಷ್ಟು ಆಸ್ಪತ್ರೆಗಳ ನೆಲವಾಗಿದೆ! ಕೆಂಪು ಗಾರೆ ನೆಲವನ್ನು ಕನ್ನಡಿಯಂತೆ ತಿಕ್ಕಿ ಹೊಳಪು ಕೊಡುತ್ತಿದ್ದ ಮೇಸ್ತ್ರಿಗಳು ನಮ್ಮ ಓಣಿಗಳಲ್ಲೇ ಇದ್ದರು. ಗುಜರಾತಿನ ಮೊರ್ಬಿಯಿಂದ ಲಾರಿಗಟ್ಟಲೆ ಟೈಲ್ಸ್ ಬರತೊಡಗಿದಾಗ ಮಾಲು ಬದಲಾಯಿತು. ಆ ಮೇಸ್ತ್ರಿಗಳ ಮಕ್ಕಳು ಮಾಲಿನ ಜೊತೆ ಬದಲಾಗಲಿಲ್ಲ. "ಓದಿದ ಮಗ ಸಿಮೆಂಟು ಮುಟ್ಟಬಾರದು" ಎಂದು ನಾವೇ ಮನೆಯಲ್ಲಿ ಹೇಳಿಕೊಟ್ಟೆವು.

ಇನ್ನು ಕೆಲಸದ ಮಾತಿಗೆ ಬರುತ್ತೇನೆ. ಟೈಲ್ಸ್ ಕೆಲಸವೆಂದರೆ ಸಿಮೆಂಟು ಸುರಿದು ಚಚ್ಚುವುದು ಎಂದುಕೊಂಡವರು ಇದ್ದಾರೆ. ಇದು ಲೆಕ್ಕದ ಕೆಲಸ. ಹತ್ತು ಅಡಿ, ಹನ್ನೆರಡು ಅಡಿಯ ಕೋಣೆ ಎಂದರೆ 120 ಚದರಡಿ. ಎರಡಡಿಗೆ ಎರಡಡಿಯ ಟೈಲು ಒಂದಕ್ಕೆ 4 ಚದರಡಿ. ಬರಿ ಲೆಕ್ಕಕ್ಕೆ 30 ಸಾಕು. ಕತ್ತರಿಸುವಾಗ ಒಡೆಯುವುದಕ್ಕೆ ಶೇಕಡಾ ಹತ್ತು ಸೇರಿಸಿದರೆ 33. ಪೆಟ್ಟಿಗೆಗೆ ನಾಲ್ಕರಂತೆ ಬರುವ ಮಾಲಾದರೆ 9 ಪೆಟ್ಟಿಗೆ ತರಿಸಬೇಕು. ಪೆಟ್ಟಿಗೆಯ ಮೇಲೆ ಅಚ್ಚಾಗಿರುವ ಬ್ಯಾಚ್ ನಂಬರು ಎಲ್ಲದರಲ್ಲೂ ಒಂದೇ ಇದೆಯೇ ನೋಡಬೇಕು. ಇಲ್ಲದಿದ್ದರೆ ಅರ್ಧ ಕೋಣೆ ಒಂದು ಬಣ್ಣ, ಅರ್ಧ ಕೋಣೆ ಇನ್ನೊಂದು ಬಣ್ಣ. ಆಮೇಲೆ ಮನೆಯವರು ಹಿಡಿಯುವುದು ಅಂಗಡಿಯವನನ್ನಲ್ಲ, ನಿಮ್ಮನ್ನು.

ಕೋಣೆಯ ಮೂಲೆ ನೇರವಾಗಿದೆ ಎಂದು ನಂಬಬೇಡಿ. ಮೂಲೆಯಿಂದ ಒಂದು ಗೋಡೆಗೆ ಮೂರಡಿ, ಇನ್ನೊಂದಕ್ಕೆ ನಾಲ್ಕಡಿ ಗುರುತು ಮಾಡಿ ಅಡ್ಡ ಅಳೆದರೆ ಸರಿಯಾಗಿ ಐದಡಿ ಬರಬೇಕು. ಹೈಸ್ಕೂಲಿನಲ್ಲಿ ಪೈಥಾಗೊರಸ್ ಪ್ರಮೇಯ ಬಾಯಿಪಾಠ ಮಾಡಿ ಮರೆತಿದ್ದೀರಲ್ಲ, ಅದು ಇದೇ! ನಂತರ ಸಿಮೆಂಟಿಲ್ಲದೆ ಒಂದು ಸಾಲು ಟೈಲು ಜೋಡಿಸಿ ನೋಡಬೇಕು. ಬಾಗಿಲಲ್ಲಿ ನಿಂತವನ ಕಣ್ಣಿಗೆ ಇಡೀ ಟೈಲು ಬೀಳಬೇಕು, ಕತ್ತರಿಸಿದ ತುಂಡು ಮಂಚದ ಕೆಳಗೋ ಬೀರುವಿನ ಹಿಂದೆಯೋ ಹೋಗಬೇಕು. ಬಚ್ಚಲಿನಲ್ಲಿ ನೀರು ಹೋಗುವ ಕಡೆಗೆ ವಾಟ ಕೊಡಬೇಕು. ಐದಡಿಗೆ ಮುಕ್ಕಾಲು ಇಂಚು ಇಳಿಸಿದರೆ ನೀರು ನಿಲ್ಲುವುದಿಲ್ಲ.

ಮಾಲಿನ ಗುಣವನ್ನೂ ತಿಳಿದಿರಬೇಕು. ಗೋಡೆಯ ಸೆರಾಮಿಕ್ ಟೈಲು ನೀರು ಕುಡಿಯುತ್ತದೆ, ಸಿಮೆಂಟಿನಲ್ಲಿ ಕೂರಿಸುವುದಾದರೆ ಮೊದಲೇ ನೆನೆಸಿಡಬೇಕು. ವಿಟ್ರಿಫೈಡ್ ಟೈಲು ನೂರಕ್ಕೆ ಅರ್ಧ ಪಾಲು ನೀರನ್ನೂ ಹೀರುವುದಿಲ್ಲ. ಆದ್ದರಿಂದಲೇ ಬರಿ ಸಿಮೆಂಟಿನ ಹಾಲು ಅದನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ, ಅದಕ್ಕೆಂದೇ ಮಾಡಿದ ಅಂಟನ್ನು ಹಲ್ಲಿನ ಕರಣೆಯಿಂದ ಪೂರಾ ಹರಡಬೇಕು. ನಾಲ್ಕು ಮೂಲೆಗೊಂದು, ನಡುವೆ ಒಂದು ಮುದ್ದೆ ಇಟ್ಟು ಒತ್ತುವವರಿದ್ದಾರೆ. ಬೇಗ ಮುಗಿಯುತ್ತದೆ ನಿಜ. ಕೆಳಗೆ ಟೊಳ್ಳು ಉಳಿದು, ಒಂದು ದಿನ ಗ್ಯಾಸ್ ಸಿಲಿಂಡರು ಇಟ್ಟಾಗ ಟೈಲು ಬಿರಿಯುತ್ತದೆ. ಅಷ್ಟು ಹೊತ್ತಿಗೆ ಮೇಸ್ತ್ರಿ ಫೋನು ಎತ್ತುವುದಿಲ್ಲ. ನೀವು ಎತ್ತುವವರಾಗಿ.

ಎಲ್ಲಿ ಕಲಿಯುವುದು? ಐ.ಟಿ.ಐ.ಗಳಲ್ಲಿ ಕಟ್ಟಡ ಕೆಲಸದ ಕೋರ್ಸು ಇದೆ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಲ್ಲಿ ಜಿಲ್ಲೆಗಳಲ್ಲಿ ಬ್ಯಾಂಕುಗಳ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿವೆ. ಅಲ್ಲಿಗೆ ಹೋಗಿ ವಿಚಾರಿಸಿ. ಆದರೆ ಕೈ ಪಳಗುವುದು ಕೈಯಾಳಾಗಿ ದುಡಿದಾಗ ಮಾತ್ರ. ಮೊದಲು ಕಲಸುವುದು, ಹೊರುವುದು, ಸಂದು ತುಂಬುವುದು. ಆಮೇಲೆ ಕತ್ತರಿಸುವುದು. ಅದಾದ ಮೇಲೆ ನೆಲ, ಗೋಡೆ, ಕೊನೆಗೆ ಮೆಟ್ಟಿಲು. ಎರಡು ವರ್ಷವಾದರೂ ಬೇಕು. ಆರು ತಿಂಗಳಿಗೆ ಮೇಸ್ತ್ರಿಯಾದವನ ಕೆಲಸ ಗೋಡೆಯಲ್ಲೇ ಕಾಣುತ್ತದೆ.

ಇಲ್ಲಿ ಒಂದು ಮಾತು ಹೇಳಿದರೆ ಕೆಲವರಿಗೆ ಕಹಿಯಾಗಬಹುದು. ಕಲಿಸುವವನು ಬಿಹಾರದವನಾದರೆ ಅವನ ಕೈಕೆಳಗೇ ಕಲಿಯಿರಿ. ವಿದ್ಯೆ ಕಲಿಯುವುದಕ್ಕೆ ನಾಚಿಕೆ ಏಕೆ? ನೀವು ಅವನ ಕಸುಬು ಕಲಿಯಿರಿ, ಅವನಿಗೆ ಕನ್ನಡ ಕಲಿಸಿರಿ. ಆದರೆ ಇಡೀ ದಿನ ಅವನ ಜೊತೆ ಹರಕು ಹಿಂದಿಯಲ್ಲಿ ಮಾತಾಡಿ ಸಂಜೆ ಬಂದು ಇಲ್ಲಿ ಬಾವುಟ ಹಿಡಿಯಬೇಡಿ. ನಮ್ಮ ಗಾರೆಯವರ ಬಾಯಲ್ಲಿ ಕರಣೆ, ಬಾಂಡ್ಲಿ, ರಸಮಟ್ಟ, ತೂಗುಗುಂಡು, ವಾಟ, ಗಿಲಾವು, ಸಂದು ಎಂಬ ಮಾತುಗಳಿವೆ. ಇವು ನಿಘಂಟಿನಲ್ಲಿ ಕೂತರೆ ಸಾಲದು, ಕೆಲಸದ ಜಾಗದಲ್ಲಿ ಕೇಳಿಸಬೇಕು.

ಕೆಲಸದ ಜಾಗ ಎಂದಾಗ ಧೂಳಿನ ಮಾತು ಹೇಳಲೇಬೇಕು. ಒಣ ಟೈಲನ್ನು ಮಿಷನ್ನಿನಲ್ಲಿ ಕತ್ತರಿಸುವಾಗ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಎಂಬ ಕಾಯಿಲೆ, ಅದಕ್ಕೆ ವಾಸಿಯಿಲ್ಲ. ನೀರು ಬಿಟ್ಟು ಕತ್ತರಿಸಿ, ಒಳ್ಳೆಯ ಮಾಸ್ಕ್ ಹಾಕಿ, ಬ್ಲೇಡಿನ ಗಾರ್ಡು ಬಿಚ್ಚಬೇಡಿ. ಬಾಯಿಗೆ ಕರ್ಚೀಫು ಕಟ್ಟಿಕೊಂಡರೆ ಆ ಧೂಳು ನಿಲ್ಲುವುದಿಲ್ಲ.

ಸ್ವಂತಕ್ಕೆ ಇಳಿಯುವವರಿಗೆ ಬಂಡವಾಳದ ಚಿಂತೆ. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗಾರೆ ಕೆಲಸವೂ ಇದೆ. ಸಲಕರಣೆಗೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದವರಿಗೆ 2 ಲಕ್ಷದವರೆಗೆ ಸಾಲ. ಅಡಮಾನ ಬೇಕಿಲ್ಲ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲೂ ಹೆಸರು ಬರೆಸಿಕೊಳ್ಳಿ. ಹದಿನೆಂಟರಿಂದ ಅರವತ್ತರೊಳಗಿನವರು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಅರ್ಹರು. ಕರಣೆ ಹಿಡಿಯದವರೆಲ್ಲ ಆ ಕಾರ್ಡು ಮಾಡಿಸಿಕೊಂಡಿದ್ದಾರೆ, ನಿಜವಾಗಿ ದುಡಿಯುವವನಿಗೆ ಪುರುಸೊತ್ತಿಲ್ಲ!

ದರ ಹೇಳುವಾಗ ಬಾಯಿಮಾತು ಬೇಡ. ನೆಲಕ್ಕೆ ಚದರಡಿಗೆ ಎಷ್ಟು, ಗೋಡೆಗೆ ಎಷ್ಟು, ಸ್ಕರ್ಟಿಂಗಿಗೆ ಉದ್ದದ ಅಡಿಗೆ ಎಷ್ಟು, ಮೆಟ್ಟಿಲಿಗೆ ಎಷ್ಟು, ಹಳೇ ನೆಲ ಕೀಳುವುದು ಯಾರು, ಕಸ ಸಾಗಿಸುವುದು ಯಾರು, ಅಂಟು ತರುವುದು ಯಾರು, ಇಷ್ಟನ್ನೂ ಬರೆದು ಸಹಿ ಹಾಕಿಸಿ. ಕನ್ನಡದಲ್ಲಿ ಬರೆಯಿರಿ. ಜಗಳವೆಲ್ಲ ಹುಟ್ಟುವುದು ಬರೆಯದೆ ಬಿಟ್ಟ ಸಾಲಿನಲ್ಲಿ.

ಕೊನೆಯದಾಗಿ ಸಂಘಟನೆಯ ಮುಖಂಡರಲ್ಲಿ ಒಂದು ಬೇಡಿಕೆ. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ಬಂತು, ಸಂತೋಷ. ಆದರೆ ನಾನು ನೋಡಿದ ಅಂಟಿನ ಚೀಲಗಳ ಮೇಲೆ ಎಷ್ಟು ನೀರು ಹಾಕಬೇಕು, ಕಲಸಿದ್ದನ್ನು ಎಷ್ಟು ಹೊತ್ತಿನೊಳಗೆ ಬಳಸಬೇಕು ಎಂಬುದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಇತ್ತು. ಏಳನೇ ಕ್ಲಾಸು ಓದಿದ ಕನ್ನಡದ ಹುಡುಗ ಅಂದಾಜಿಗೆ ನೀರು ಸುರಿಯುತ್ತಾನೆ, ಟೈಲು ಕಳಚಿ ಬೀಳುತ್ತದೆ, ಹೆಸರು ಕೆಡುವುದು ಅವನದು. ಅಂಗಡಿಯ ಬೋರ್ಡಿಗೆ ಹೋರಾಡಿದವರು ಆ ಚೀಲಕ್ಕೂ ಹೋರಾಡಬೇಕು. ಮುಂದಿನ ಸಭೆಯ ಮನವಿಪತ್ರದಲ್ಲಿ ಇದನ್ನು ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ.

ಅಲ್ಲಿಯವರೆಗೆ ನನ್ನ ಕೈಲಾದದ್ದು ಇಷ್ಟು: ಮಾಲು ಕಲಸುವ ಅಳತೆ, ಟೈಲಿನ ಲೆಕ್ಕ, ಕರಾರಿನ ನಮೂನೆ ಇರುವ ಒಂದು ಹಾಳೆಯನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ತಂದಿದ್ದೇನೆ. ಹಿಂದಿನ ಮೇಜಿನ ಮೇಲಿದೆ, ದುಡ್ಡು ಕೊಡಬೇಕಿಲ್ಲ. ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.