ಚಕ್ರದ ಮೇಲಿನ ಮನೆಯಿಂದ ಕಂಡ ನದಿಯೂರು

(ಯುವಜನರ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಮಲಗಲು ಹಾಸಿಗೆ, ಅಡುಗೆಗೆ ಒಲೆ, ಸ್ನಾನಕ್ಕೆ ನೀರು ಎಲ್ಲವನ್ನೂ ಹೊತ್ತು ಸಾಗುವ ‘ಕ್ಯಾರವಾನ್’ ಎಂಬ ವಾಹನ ಈಗ ನಮ್ಮ ನಾಡಿಗೂ ಬಂದಿದೆ. ಅದು ಚಕ್ರದ ಮೇಲಿನ ಮನೆಯೇ ಸರಿ. ಅಂಥದೊಂದನ್ನು ಬಾಡಿಗೆಗೆ ಪಡೆದು ನಾವು ಬಾದಾಮಿ, ಬಾಗಲಕೋಟೆ, ಹುನಗುಂದ, ಇಳಕಲ್ಲುಗಳನ್ನು ಸುತ್ತಿ ಬಂದೆವು. ಕಂಡ ಸ್ಥಳಗಳ ಪಟ್ಟಿ ಒಪ್ಪಿಸುವುದು ನನ್ನ ಉದ್ದೇಶವಲ್ಲ. ಮಲೆಯಲ್ಲಿ ಬಾಳುವ ನಾವು ಬಯಲಿನ ನದಿಯೂರುಗಳನ್ನು ಏಕೆ ಮತ್ತು ಹೇಗೆ ನೋಡಬೇಕು ಎಂಬುದನ್ನಷ್ಟೇ ಹೇಳಬಯಸುತ್ತೇನೆ.

ಘಟಪ್ರಭೆ, ಮಲಪ್ರಭೆಗಳೆರಡೂ ಸಹ್ಯಾದ್ರಿಯ ಮಕ್ಕಳು. ಮಲಪ್ರಭೆಯು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ಹರಿದು, ಐಹೊಳೆಯನ್ನು ಬಳಸಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಘಟಪ್ರಭೆಯ ದಂಡೆಯಲ್ಲಿ ಬಾಗಲಕೋಟೆಯಿದೆ. ಆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಸರಾಸರಿ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ನಮ್ಮಲ್ಲಿ ಒಂದು ಆಷಾಢದಲ್ಲೇ ಅದಕ್ಕಿಂತ ಹೆಚ್ಚು ಸುರಿಯುವುದುಂಟು. ನಾವು ಲೆಕ್ಕವಿಡದೆ ಹರಿಯಬಿಟ್ಟ ನೀರು ಅಲ್ಲಿ ಲೆಕ್ಕದ ನೀರಾಗುತ್ತದೆ.

ಬಾದಾಮಿಯಲ್ಲಿ ಈ ಲೆಕ್ಕ ಬಹು ಹಳೆಯದು. 543ರಲ್ಲಿ ಒಂದನೆಯ ಪುಲಕೇಶಿಯು ಇಲ್ಲಿನ ಬೆಟ್ಟವನ್ನು ಕೋಟೆಯಾಗಿಸಿದನೆಂದು ಬಂಡೆಯ ಶಾಸನ ತಿಳಿಸುತ್ತದೆ. ಮೂರನೆಯ ಗುಹೆಯಲ್ಲಿ ಮಂಗಳೇಶನ 578ರ ಶಾಸನವಿದೆ. ಪ್ರವಾಸಿಗರು ಗುಹೆಯ ವಿಷ್ಣುವನ್ನು ನೋಡಿ ಮರಳುತ್ತಾರೆ. ನೀವು ಕೆಳಗಿನ ಅಗಸ್ತ್ಯತೀರ್ಥವನ್ನೂ ನೋಡಿರಿ. ಮರಳುಗಲ್ಲಿನ ಬರಿಬಂಡೆಯ ಮೇಲೆ ಬಿದ್ದ ಮಳೆ ಕ್ಷಣದಲ್ಲಿ ಜಾರಿಹೋಗುತ್ತದೆ. ಅದನ್ನು ಬೆಟ್ಟಗಳ ನಡುವೆ ತಡೆದು ನಿಲ್ಲಿಸಿದ್ದರಿಂದಲೇ ಅಲ್ಲಿ ರಾಜಧಾನಿಯೊಂದು ಬದುಕಲು ಸಾಧ್ಯವಾಯಿತು.

ಬಾಗಲಕೋಟೆಯ ಕಥೆ ಇದಕ್ಕೆ ವಿರುದ್ಧ. ಅಲ್ಲಿ ನಿಂತ ನೀರೇ ಊರನ್ನು ಎಬ್ಬಿಸಿತು. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಅನುಮತಿ ನೀಡಿತು. ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದಕ್ಕೇರಿ ಹಳೆಯ ಪಟ್ಟಣದ ತಗ್ಗಿನ ಓಣಿಗಳನ್ನು ನುಂಗಿತು. ಜನ ನವನಗರಕ್ಕೆ ಹೋದರು. ಅಗಲವಾದ ರಸ್ತೆ, ಸಂಖ್ಯೆ ಹೊತ್ತ ಸೆಕ್ಟರುಗಳು ಅಲ್ಲಿವೆ. ಹಳೆಯ ಊರಿನ ಅಂಗಡಿಯ ಹಿರಿಯರೊಬ್ಬರು ನಮಗೆ ಹೇಳಿದ್ದು ಇಷ್ಟೇ: “ಮನಿ ಕಟ್ಟಾಕ ಜಾಗಾ ಕೊಟ್ಟಾರ್ರಿ. ಓಣಿ ಎಲ್ಲಿಂದ ಕೊಡಬೇಕ್ರಿ?” ಹೋಳಿಯ ದಿನಗಳಲ್ಲಿ ಹಲಗೆ ಬಾರಿಸುತ್ತ, ಬಣ್ಣದ ಬಂಡಿಗಳೊಡನೆ ಹೊರಡುವ ಬಾಗಲಕೋಟೆಯ ಸಂಭ್ರಮ ನಾಡಿಗೆಲ್ಲ ಪ್ರಸಿದ್ಧ. ಅದು ಓಣಿಗಳು ಕೂಡಿ ಆಡುವ ಹಬ್ಬ. ಅವರ ಮಾತಿನ ಭಾರ ಅದರಿಂದ ತಿಳಿಯುತ್ತದೆ.

ಅಣೆಕಟ್ಟು ಕೇವಲ ಹಾನಿಯೆಂದು ನಾನು ಹೇಳಲಾರೆ. ವಿಜಯಪುರ, ಯಾದಗಿರಿ, ರಾಯಚೂರು ಸೀಮೆಯ ಒಣ ಹೊಲಗಳಿಗೆ ಕೃಷ್ಣೆಯ ನೀರು ತಲುಪಿದೆ. ಆದರೆ ಒಬ್ಬರ ಹೊಲ ಹಸಿರಾಗಲು ಇನ್ನೊಬ್ಬರ ಹೊಲ ಮುಳುಗಿದೆಯೆಂಬ ಅರಿವು ಉಣ್ಣುವವರಿಗೆ ಇರಬೇಕು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಮಂಡಳಿಯು 524.256 ಮೀಟರಿಗೆ ಒಪ್ಪಿಗೆ ನೀಡಿತು. ಆ ಮಟ್ಟಕ್ಕೆ ನೀರು ನಿಂತರೆ ಇನ್ನಷ್ಟು ಹಳ್ಳಿಗಳು ಏಳಬೇಕಾಗುತ್ತದೆ. ಕಪ್ಪು ಎರೆಮಣ್ಣು ರೂಪುಗೊಳ್ಳಲು ಸಾವಿರಾರು ವರ್ಷ ಬೇಕು. ಪರಿಹಾರದ ಹಣದಲ್ಲಿ ಅಂಥ ಮಣ್ಣನ್ನು ಮರಳಿ ಕೊಳ್ಳುವುದು ಸುಲಭವಲ್ಲ.

ಹುನಗುಂದ ಸೀಮೆಯಲ್ಲಿ ಇನ್ನೂ ಎರಡು ದೃಶ್ಯಗಳುಂಟು. ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ನಾರಾಯಣಪುರದ ಹಿನ್ನೀರಿನಿಂದ ಕಾಪಾಡಲು ಸುತ್ತಲೂ ಬಾವಿಯಂತೆ ಗೋಡೆ ಎತ್ತಲಾಗಿದೆ. ಐಹೊಳೆಯಲ್ಲಿ ಗುಡಿಗಳ ನಡುವೆಯೇ ಜನ ತಲೆಮಾರುಗಳಿಂದ ಬಾಳಿದ್ದಾರೆ. ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದೇ ಅದರಲ್ಲಿ ವಾಸಿಸಿದವನಿಂದ. ಸ್ಮಾರಕಗಳ ಸಲುವಾಗಿ ಆ ಊರನ್ನು ಸ್ಥಳಾಂತರಿಸುವ ಮಾತು ದಶಕಗಳಿಂದ ನಡೆದಿದೆ. ನಮ್ಮ ಛಾಯಾಚಿತ್ರ ಚೆಂದ ಬರಲೆಂದು ಊರು ಖಾಲಿಯಾಗಬೇಕೆ? ಕಲ್ಲಿಗೆ ರಕ್ಷಣೆ ಬೇಕು, ಕಲ್ಲಿನ ಮಗ್ಗುಲಲ್ಲಿ ಬಾಳಿದವರಿಗೆ ಮರ್ಯಾದೆಯೂ ಬೇಕು.

ಇಳಕಲ್ಲಿನ ಸೀರೆಯಲ್ಲಿ ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಬೇರೆ ಬೇರೆ ನೂಲು. ಎರಡನ್ನೂ ಕೊಂಡಿ ಹಾಕಿ ಎಳೆಎಳೆಯಾಗಿ ಕೂಡಿಸುತ್ತಾರೆ. ಸಹ್ಯಾದ್ರಿಗೂ ಬಯಲಿಗೂ ಇರುವ ಕೊಂಡಿ ನದಿ. 2019ರ ಆಗಸ್ಟಿನ ನೆರೆಯಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿತು. ಅತಿವೃಷ್ಟಿಯೇ ಅದಕ್ಕೆ ಮೊದಲ ಕಾರಣ. ನದೀಪಾತ್ರದ ಒತ್ತುವರಿ ಹಾನಿಯನ್ನು ಹೆಚ್ಚಿಸಿತು. ಮೇಲಿನ ಕಾಡು ಮಹಾಪೂರವನ್ನು ತಡೆದುಬಿಡುತ್ತದೆಂದು ವಿಜ್ಞಾನಿಯಾಗಿ ನಾನು ಹೇಳಲಾರೆ. ಆದರೆ ಸಾಧಾರಣ ಮಳೆಯನ್ನು ಹಿಡಿದಿಟ್ಟು ಬೇಸಿಗೆಯವರೆಗೆ ನದಿಗೆ ನೀರೂಡುವುದು ಆ ಕಾಡಿನ ಮಣ್ಣೇ.

ಕೊನೆಗೆ ಆ ವಾಹನದ ವಿಚಾರ. ಅದರಲ್ಲಿ ಎರಡು ತೊಟ್ಟಿಗಳು, ಒಂದು ಶುದ್ಧ ನೀರಿಗೆ, ಇನ್ನೊಂದು ಬಳಸಿದ ನೀರಿಗೆ. ಮೊದಲನೆಯದು ಬರಿದಾಗುವುದೂ ಎರಡನೆಯದು ತುಂಬುವುದೂ ಕಣ್ಣೆದುರಿಗೇ. ಕೊಳೆನೀರನ್ನು ಹಳ್ಳಕ್ಕೆ ಬಿಡಲು ನಮಗೂ ಸಲಹೆ ಬಂದಿತ್ತು. ವಸತಿಗೃಹವೊಂದರವರ ಅನುಮತಿ ಪಡೆದು ಅವರ ಇಂಗುಗುಂಡಿಗೆ ಹರಿಸಿದೆವು. ನಾಳೆ ಇಂಥ ವಾಹನಗಳು ನಮ್ಮ ಘಟ್ಟಕ್ಕೂ ಸಾಲುಗಟ್ಟಿ ಬರುತ್ತವೆ. ಅವು ಎಲ್ಲಿ ನಿಲ್ಲಬೇಕು, ಕೊಳೆಯನ್ನು ಎಲ್ಲಿ ಬಿಡಬೇಕು ಎಂಬುದನ್ನು ನಮ್ಮ ಗ್ರಾಮಸಭೆಗಳು ಇಂದೇ ನಿಶ್ಚಯಿಸಲಿ. ನಾವು ಮೇಲೆ ಚೆಲ್ಲಿದ್ದನ್ನು ಕೆಳಗಿನವರು ಕುಡಿಯುತ್ತಾರೆ. ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಅತ್ತ ಹೊರಟರೆ, ಗುಡಿಗಳನ್ನು ನೋಡಿದ ಬಳಿಕ ಹಳೆಯ ಬಾಗಲಕೋಟೆಯ ದಂಡೆಗೂ ಹೋಗಿ, ಅಲ್ಲಿಯವರ ಮಾತನ್ನು ಕೇಳಿ ಬರೆದು ತನ್ನಿರಿ.