ಹರಿಗೋಲಿನಲ್ಲೊಂದು ನೀರಿನ ಗೂಡು



ಕೊಡಗಿನ ತಲಕಾವೇರಿಯಲ್ಲಿ ಹುಟ್ಟಿದ ಕಾವೇರಿಯೂ, ವಯನಾಡಿನ ಬೆಟ್ಟಗಳಿಂದಿಳಿದು ಬೀಚನಹಳ್ಳಿಯ ಅಣೆಕಟ್ಟನ್ನೂ ನಂಜನಗೂಡನ್ನೂ ದಾಟಿಬಂದ ಕಪಿಲೆಯೂ ತಿರುಮಕೂಡಲು ನರಸೀಪುರದಲ್ಲಿ ಒಂದಾಗುತ್ತವೆ. ಸ್ಫಟಿಕ ಸರೋವರವೂ ಗುಪ್ತವಾಗಿ ಸೇರುತ್ತದೆಂಬ ನಂಬಿಕೆಯಿಂದ ಇದು ತ್ರಿವೇಣಿ ಸಂಗಮ. ನೀರು ಹರಿದ ದಾರಿಯಲ್ಲಿಯೇ ಕಸವೂ ಹರಿಯುತ್ತದೆ. ಆದ್ದರಿಂದ ಬೆಟ್ಟದವರಾದ ನಮಗೂ ಈ ಎರಡು ಊರುಗಳ ಸ್ನಾನಘಟ್ಟಗಳಿಗೂ ಸಂಬಂಧವಿದೆ.

ಇಂದು ನಾನು ಹೇಳಹೊರಟಿರುವುದು ಒಂದು ಸಣ್ಣ ಕೆಲಸವನ್ನು ಕುರಿತು. ಹರಿಗೋಲಿನಲ್ಲಿ, ಅಂದರೆ ಈ ಭಾಗದ ಆಡುಮಾತಿನ ತೆಪ್ಪದಲ್ಲಿ, ನೀರಿನ ಬಾಟಲಿಗೆ ಒಂದು ಗೂಡು ಕಟ್ಟುವುದು ಹೇಗೆ?

ಅದರ ಅಗತ್ಯವಾದರೂ ಏನೆಂದು ನೀವು ಕೇಳಬಹುದು. ಹರಿಗೋಲು ಬಿದಿರಿನ ದುಂಡು ಬುಟ್ಟಿ. ಹಿಂದೆ ಅದಕ್ಕೆ ಚರ್ಮ ಹೊದಿಸುತ್ತಿದ್ದರು. ಈಗ ಟಾರ್ಪಾಲು ಅಥವಾ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿಯುತ್ತಾರೆ. ಅದರಲ್ಲಿ ಒಂದು ವಸ್ತುವನ್ನು ನೆಟ್ಟಗೆ ನಿಲ್ಲಿಸಲು ಜಾಗವಿಲ್ಲ. ಬಾಟಲಿ ಉರುಳಿ ಕಾಲಿಗೆ ಸಿಗುತ್ತದೆ. ಅದನ್ನು ಹಿಡಿಯಲು ಒಬ್ಬರು ತಟ್ಟನೆ ಎದ್ದರೆ ಹರಿಗೋಲು ವಾಲುತ್ತದೆ. ಹೀಗಾಗಿ ಮನೆಯಿಂದ ಒಳ್ಳೆಯ ಬಾಟಲಿ ತರುವುದಕ್ಕಿಂತ, ದಡದಲ್ಲಿ ಒಂದನ್ನು ಕೊಂಡು ಕುಡಿದು ಬಿಸಾಡುವುದೇ ಸುಲಭವೆನಿಸುತ್ತದೆ. ಇಡಲು ಜಾಗವಿಲ್ಲದ ವಸ್ತು ಬೇಗನೆ ಕಸವಾಗುತ್ತದೆ. 2022ರ ಜುಲೈ 1ರಿಂದ ದೇಶದಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ತಟ್ಟೆ, ಲೋಟ, ಸ್ಟ್ರಾಗಳಿವೆ, ನೀರಿನ ಬಾಟಲಿಯಿಲ್ಲ. ನದಿಗೆ ಬಿದ್ದ ಬಾಟಲಿ ಕೊಳೆಯುವುದಿಲ್ಲ. ಬಿಸಿಲಿಗೂ ತಿಕ್ಕಾಟಕ್ಕೂ ಸಿಕ್ಕಿ ಕಣ್ಣಿಗೆ ಕಾಣದ ಚೂರುಗಳಾಗಿ ಮೀನಿನ ಹೊಟ್ಟೆ ಸೇರುತ್ತದೆ. ಹಾಗೆಂದು ಹೊಳೆಯ ನೀರನ್ನೇ ಬೊಗಸೆಯಲ್ಲಿ ಕುಡಿಯಿರೆಂದು ನಾನು ಹೇಳಲಾರೆ. ತಿಳಿಯಾದ ನೀರಿನಲ್ಲಿಯೂ ರೋಗಾಣುಗಳಿರಬಹುದು. ಕುಡಿಯುವ ನೀರನ್ನು ಒಯ್ಯಲೇಬೇಕು.

ಇನ್ನು ಗೂಡಿನ ರಚನೆ. ಮೂರು ವರ್ಷ ಬಲಿತ ಬಿದಿರನ್ನು ಆರಿಸಿ. ಬಿದಿರಿನಲ್ಲಿ ಪಿಷ್ಟವಿರುತ್ತದೆ. ಅದನ್ನು ಅರಸಿ ಹುಳು ಕೊರೆದು ಹಿಟ್ಟು ಮಾಡುತ್ತದೆ. ಕಡಿದ ಬಿದಿರನ್ನು ಎರಡು ಮೂರು ವಾರ ನೀರಿನಲ್ಲಿ ನೆನೆಯಿಟ್ಟು ನೆರಳಿನಲ್ಲಿ ಒಣಗಿಸಿದರೆ ಪಿಷ್ಟ ಕರಗಿ ಬಾಳಿಕೆ ಹೆಚ್ಚುತ್ತದೆ. 2017ರ ಕಾನೂನು ತಿದ್ದುಪಡಿಯ ನಂತರ, ಅರಣ್ಯದ ಹೊರಗೆ ಬೆಳೆದ ಬಿದಿರು ಅರಣ್ಯ ಕಾಯಿದೆಯ ಲೆಕ್ಕದಲ್ಲಿ ಮರವಲ್ಲ. ಆದ್ದರಿಂದ ಹಿತ್ತಿಲ ಮೆಳೆಯೇ ಸಾಕು, ಕಾಡಿಗೆ ಕೈಹಾಕಬೇಕಿಲ್ಲ.

ಬಾಟಲಿಯ ಎತ್ತರದ ಎರಡರಷ್ಟು ಉದ್ದದ ನಾಲ್ಕು ಸೀಳುಗಳನ್ನು ನಕ್ಷತ್ರದಂತೆ ಒಂದರ ಮೇಲೊಂದಿಟ್ಟು ನಡುವೆ ನಾರಿನ ಹುರಿಯಿಂದ ಬಿಗಿಯಿರಿ. ಒದ್ದೆ ಮಾಡಿ, ಮೆಲುಬಿಸಿಯಲ್ಲಿ ಮೇಲಕ್ಕೆ ಬಾಗಿಸಿದರೆ ಎಂಟು ಕಡ್ಡಿಗಳ ಗೂಡಾಗುತ್ತದೆ. ಬಾಟಲಿಗಿಂತ ಒಂದು ಬೆರಳು ಅಗಲವಿರಲಿ. ಅದರ ಎತ್ತರದ ಮೂರರಲ್ಲಿ ಎರಡು ಪಾಲಿನವರೆಗೆ ತೆಳುಸೀಳಿನಿಂದ ಹೆಣೆದು ತುದಿಗಳನ್ನು ಒಳಕ್ಕೆ ಮಡಚಿ. ಒಳಬದಿಯ ಸಿಬಿರುಗಳನ್ನು ಹೆರೆದು ತೆಗೆಯಿರಿ. ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಾಯಿಗೆ ಅಡ್ಡಲಾಗಿ ಕಟ್ಟಿದರೆ ಬಾಟಲಿ ಹೊರಗೆ ಜಿಗಿಯದು.

ಕಟ್ಟುವಾಗ ಮೂರು ನಿಯಮಗಳನ್ನು ಮರೆಯಬಾರದು. ಒಂದು, ಹೊದಿಕೆಗೆ ಮೊಳೆ, ತೂತು ಸಲ್ಲದು. ಅಂಚಿನ ಬಿದಿರಿಗೆ ಒಳಬದಿಯಿಂದ ಮಾತ್ರ ಕಟ್ಟಬೇಕು. ಎರಡು, ಒಂದೆಳೆತಕ್ಕೆ ಬಿಚ್ಚಿಕೊಳ್ಳುವ ಜಾರುಗಂಟಿರಲಿ. ಕಾಲಿಗೆ ತೊಡರುವಂತೆ ಹಗ್ಗ ಜೋಲಬಾರದು. ಮೂರು, ಅಂಬಿಗನು ಮುಂದೆ ಕುಳಿತು ಹುಟ್ಟಿನಿಂದ ನೀರನ್ನು ತನ್ನತ್ತ ಸೆಳೆಯುವುದರಿಂದ, ಗೂಡು ಅವನ ಕೈಯಾಟಕ್ಕೆ ಅಡ್ಡಬಾರದ ಹಿಂಬದಿಯಲ್ಲಿರಲಿ. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ; ನಾಲ್ಕಾರು ಗೂಡುಗಳಿದ್ದರೆ ಎರಡೂ ಬದಿಗೆ ಹಂಚಿ.

ಇನ್ನೊಂದು ಮಾತು. ಕಂಠಮಟ್ಟ ತುಂಬಿದ ಸ್ಟೀಲ್ ಬಾಟಲಿ ನೀರಿಗೆ ಬಿದ್ದರೆ ಮುಳುಗುತ್ತದೆ. ಮನೆಯ ಬಕೆಟ್ಟಿನಲ್ಲಿ ಪರೀಕ್ಷಿಸಿ, ತೇಲುವಷ್ಟು ಜಾಗ ಖಾಲಿ ಬಿಟ್ಟು ತುಂಬಿರಿ. ಆದರೆ ಬಿದ್ದ ಬಾಟಲಿಗಾಗಿ ಯಾರೂ ಬಾಗಬಾರದು. ಜೀವರಕ್ಷಕ ಜಾಕೆಟ್ ಮೊದಲು, ಬಾಟಲಿ ಆಮೇಲೆ.

2025ರ ಫೆಬ್ರವರಿಯ ಕುಂಭಮೇಳಕ್ಕೆ ಈ ಸಂಗಮಕ್ಕೆ ಭಾರೀ ಜನ ಬಂದರು. ನಂಜನಗೂಡಿನ ದೊಡ್ಡ ಜಾತ್ರೆ ವರ್ಷವರ್ಷವೂ ಬರುತ್ತದೆ. ಅಷ್ಟು ಜನರ ಕಸಕ್ಕೆ ಬಿದಿರಿನ ಗೂಡೊಂದೇ ಪರಿಹಾರವಲ್ಲ; ದಡದಲ್ಲಿ ಕುಡಿಯುವ ನೀರಿನ ನಲ್ಲಿಗಳೂ ಕಸ ಸಂಗ್ರಹವೂ ಬೇಕು, ಅದನ್ನು ನಾವು ಒತ್ತಾಯಿಸಿ ಕೇಳಬೇಕು. ಅಲ್ಲಿಯವರೆಗೆ ಕೈಯಲ್ಲಾಗುವ ಕೆಲಸವನ್ನು ಬಿಡಬೇಕಾಗಿಲ್ಲ.

ವಿದ್ಯಾರ್ಥಿಗಳಿಗೆ ನನ್ನ ವಿನಂತಿ ಇಷ್ಟೇ. ಒಂದು ಗೂಡು ಹೆಣೆದು ಅಂಬಿಗರೊಬ್ಬರಿಗೆ ಕೊಡಿ. ಒಂದು ತಿಂಗಳು ಬಳಸಿದ ಮೇಲೆ, ಎಲ್ಲಿ ಸಡಿಲವಾಯಿತು, ಎಲ್ಲಿ ಕೈಗೆ ತಾಗಿತು ಎಂದು ಅವರನ್ನೇ ಕೇಳಿ ತಿದ್ದಿ. ಹರಿಗೋಲು ಅವರದು, ನದಿಯ ಅನುಭವವೂ ಅವರದು. ಅವರು ಒಪ್ಪಿದ ಗೂಡನ್ನೇ ನಾವು ಉಳಿದ ದಡಗಳಿಗೆ ಒಯ್ಯೋಣ.